ಪಂಪಿನೊಳಗಿನ ತೊಗಲು

ಎರ್ರಪ್ಪ ತೀರಿಕೊಂಡು ಇವತ್ತಿಗೆ ಐದು ತಿಂಗಳು ಎಂಟು ದಿನ. ನಮ್ಮ ಸಂಘದ ವಾರ್ಷಿಕ ವರದಿ ಹೊರದೇಶದಲ್ಲಿ ಒಳ್ಳೆಯ ನುಣುಪು ಕಾಗದದ ಮೇಲೆ ಅಚ್ಚಾಗಿ ಬರುತ್ತದೆ. ಈ ಸಲದ ವರದಿಯಲ್ಲಿ ‘ಹಿಂದೂಪುರ ಕಡೆಯ ಒಬ್ಬ ಸ್ಥಳೀಯ ರಿಪೇರಿಗಾರ ನಿಧನರಾದರು’ ಎಂದು ಒಂದು ಸಾಲು ಇದೆ. ಅದನ್ನು ಬರೆದು ಕಳಿಸಿದವನು ನಾನೇ. ಆ ಸಾಲಿನಲ್ಲಿ ಸುಳ್ಳೇನೂ ಇಲ್ಲ. ಆದರೂ ಅದು ಅಚ್ಚಾಗಿ ಮೇಜಿಗೆ ಬಂದ ದಿನ ನನಗೆ ಊಟ ಸೇರಲಿಲ್ಲ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಶ್ರೀರಾಮಪ್ಪ. ಹಿಂದೂಪುರದವನು. ಇಂಟರ್‌ಮೀಡಿಯೆಟ್ ಮುಗಿಸಿ ಎರಡು ವರ್ಷ ಬೆಲ್ಲದ ಮಂಡಿಯಲ್ಲಿ ಕಾಗದ ಪತ್ರ ಬರೆದು, 1962ರಲ್ಲಿ ಸಂಘಕ್ಕೆ ಗುಮಾಸ್ತನಾಗಿ ಸೇರಿದೆ. ನಾಲ್ಕೈದು ದೇಶಗಳ ಜನ ಕೂಡಿ ಕಟ್ಟಿದ ಸಂಘ ಅದು. ಬಂಡೆ ಕೊರೆದು ಬೋರ್ ಹಾಕುವುದು, ಮೇಲೆ ಒಂದು ಕೈಪಂಪು ನಿಲ್ಲಿಸುವುದು, ಇಷ್ಟೇ ಅದರ ಕೆಲಸ. ಹಿಂದೂಪುರದ ರೈಲ್ವೆ ಗೇಟಿನಾಚೆ ಒಂದು ಬಾಡಿಗೆ ಮನೆಯಲ್ಲಿ ಆಫೀಸು. ಯಂತ್ರದ ಜೊತೆ ಬಂದಿದ್ದ ದೊರೆಯ ಹೆಸರು ನನ್ನ ನಾಲಿಗೆಗೇ ಸರಿಯಾಗಿ ಹೊರಳುತ್ತಿರಲಿಲ್ಲ. ಅವನ ಕೂದಲು, ಹುಬ್ಬು, ಕೈಮೇಲಿನ ರೋಮ ಎಲ್ಲ ಕೆಂಪು. ಜನ ಅವನನ್ನು ಕೆಂಚಪ್ಪ ಅಂದರು. ಅವನು ಅದಕ್ಕೇ ಓಗೊಟ್ಟ. ಅವನಿಗೂ ಊರಿನವರಿಗೂ ನಡುವೆ ಮಾತು ದಾಟಿಸುವ ಕೆಲಸ ನನ್ನದಾಯಿತು.

ಬಿಟ್ಟಿಯಾಗಿ ನೀರು ಕೊಡುತ್ತೇವೆ ಎಂದು ಹೊರದೇಶದವರು ಬಂದರೆ ನಂಬುವುದು ಹೇಗೆ? ಬಂಡೆಯೊಳಗೆ ಚಿನ್ನ ಹುಡುಕುತ್ತಿದ್ದಾರೆ ಎಂದರು ಕೆಲವರು. ನಮ್ಮನ್ನು ಕಿರಿಸ್ತಾನರನ್ನಾಗಿ ಮಾಡುತ್ತಾರೆ ಎಂದರು ಇನ್ನು ಕೆಲವರು. ‘ಈ ನೀರು ಕುಡುದ್ರೆ ಮಕ್ಕಳಾಗಾಕಿಲ್ವಂತೆ’ ಎಂದು ಚಿಲಮತ್ತೂರಿನಲ್ಲಿ ಒಬ್ಬ ಮುದುಕ ನನ್ನ ಮುಖಕ್ಕೇ ಹೇಳಿ, ‘ನಂಗೆ ಪರವಾಗಿಲ್ಲ, ಒಂದು ಚೊಂಬು ಕೊಡು’ ಎಂದು ಕೈ ಚಾಚಿದ್ದ.

ಎರ್ರಪ್ಪನ ಊರು ಹುಣಸೆಕುಂಟೆ. ಸೋಮಂದೇಪಲ್ಲಿಯಿಂದ ಆರು ಮೈಲಿ. ಅವನು ಮಾದಿಗರ ಕೇರಿಯವನು, ತೊಗಲಿನ ಕೆಲಸ ಬಲ್ಲವನು. ಊರಿನ ಕಪಿಲೆಗಳಿಗೆ ಬಾನಿ ಹೊಲಿಯುತ್ತಿದ್ದ. ಬಾನಿ ಎಂದರೆ ಎತ್ತುಗಳು ಬಾವಿಯಿಂದ ನೀರು ಎಳೆಯುವ ತೊಗಲಿನ ಚೀಲ. ಅದಕ್ಕೆ ಸುಗ್ಗಿಯಲ್ಲಿ ರಾಗಿ, ಕಡಲೆಕಾಯಿ ಸಿಗುತ್ತಿತ್ತು. ತೆಳ್ಳಗಿನ ಮನುಷ್ಯ, ತೊಗಲು ಹದ ಮಾಡುವ ತಂಗಡಿ ತೊಗಟೆಯ ನೀರಿನಲ್ಲಿ ನೆನೆದು ನೆನೆದು ಮೊಣಕೈವರೆಗೂ ಕಂದುಬಣ್ಣಕ್ಕೆ ತಿರುಗಿದ ಕೈಗಳು. ಮಾತಿಗೆ ಮುಂಚೆ ಒಂದು ಸಲ ಮೂಗು ಉಜ್ಜಿಕೊಳ್ಳುತ್ತಿದ್ದ.

ಅವನ ಬಾನಿಯಲ್ಲಿ ಊರಿನ ನೀರು ಮೇಲೆ ಬರುತ್ತಿತ್ತು. ಆದರೆ ಅವನ ಹೆಂಡತಿ ಈರಕ್ಕ ಆ ನೀರನ್ನು ತಾನೇ ಸೇದುವಂತಿರಲಿಲ್ಲ. ಕೇರಿಯ ಹೆಂಗಸರು ಕೊಡ ಇಟ್ಟುಕೊಂಡು ಬಾವಿಯಿಂದ ಹತ್ತು ಮಾರು ದೂರ ಕೂರುತ್ತಿದ್ದರು. ಊರಿನ ಯಾರಿಗಾದರೂ ಮನಸ್ಸು ಬಂದು ಮೇಲಿಂದ ಹೊಯ್ದರೆ ಉಂಟು. ಈರಕ್ಕ ಬೆಳಕು ಹರಿಯುವಾಗ ಹೋಗಿ ಕೂತವಳು ಕೆಲವು ದಿನ ಹೊತ್ತು ನೆತ್ತಿಗೆ ಬಂದ ಮೇಲೆ ಒಂದೇ ಕೊಡ ಹೊತ್ತು ಬರುತ್ತಿದ್ದಳು. ಇದನ್ನು ಎರ್ರಪ್ಪ ನನಗೆ ಹೇಳಿದ್ದು ದೂರಿನ ಹಾಗಲ್ಲ, ಬಿಸಿಲು ಜಾಸ್ತಿ ಎಂದು ಹೇಳಿದ ಹಾಗೆ.

1963ರ ಚಳಿಗಾಲದಲ್ಲಿ ಹುಣಸೆಕುಂಟೆಯಲ್ಲಿ ಮೂರು ಕಡೆ ಬಂಡೆ ಕೊರೆದೆವು. ಎರಡು ಕಡೆ ಬರೀ ಬಿಳಿ ಧೂಳು ಬಂತು. ಮೂರನೆಯದು ಊರಿಗೂ ಕೇರಿಗೂ ನಡುವಿನ ಹುಣಸೆಮರದ ಹತ್ತಿರ. ಅಲ್ಲಿ ನೀರು ಬಿತ್ತು. ಆ ಜಾಗ ಊರಿನ ಹಿರಿಯ ಪೆದ್ದಣ್ಣನದು. ಅವನು ಸ್ವಲ್ಪ ಹೊತ್ತು ನೀರನ್ನೂ ಕೇರಿಯನ್ನೂ ನೋಡಿ, ಬೆಳಗ್ಗೆ ಊರಿನವರು, ಮಧ್ಯಾಹ್ನದ ಮೇಲೆ ಕೇರಿಯವರು ಎಂದು ತೀರ್ಮಾನ ಕೊಟ್ಟ. ಸಂಘಕ್ಕೂ ಒಂದು ನಿಯಮವಿತ್ತು. ಜಾಗ ಕೊಟ್ಟವನು ಬೇಡ ಅಂದರೆ, ಊರು ಒಪ್ಪದಿದ್ದರೆ, ಪಂಪು ಕಿತ್ತು ಬೇರೆ ಊರಿಗೆ ಒಯ್ಯುವುದು.

ಪಂಪು ನಿಲ್ಲಿಸಿದ ದಿನ ಗೌರಕ್ಕ ಎಂಬ ಒಕ್ಕಲಗಿತ್ತಿ ನನ್ನನ್ನು ಕೇಳಿದಳು, “ಇದ್ರೊಳಗೆ ಏನೈತಪ್ಪ?”

“ಬರೀ ಕಬ್ಬಿಣ ಕಣಮ್ಮ” ಎಂದೆ. ನನಗೆ ಗೊತ್ತಿದ್ದದ್ದು ಅಷ್ಟೇ. ಗೊತ್ತಿಲ್ಲ ಎನ್ನಲು ಗುಮಾಸ್ತನ ಅಂಗಿ ಬಿಡಲಿಲ್ಲ.

ಆ ಮಧ್ಯಾಹ್ನ ಈರಕ್ಕ ತನ್ನ ಕೈಯಿಂದ ಹಿಡಿಕೆ ಒತ್ತಿ ಕೊಡ ತುಂಬಿಸಿದಳು. ತುಂಬಿದ ಮೇಲೂ ಒತ್ತುತ್ತಲೇ ಇದ್ದಳು, ನೀರು ಕಾಲಮೇಲೆ ಹರಿಯುತ್ತಿತ್ತು. ಎರ್ರಪ್ಪ ಮರದ ಬುಡದಲ್ಲಿ ಕೂತು, “ಸಾಕು ಬಿಡೇ, ಪಾತಾಳ ಒಣಗೋದಾತು” ಎಂದು ಛೇಡಿಸಿದ.

“ಒಣಗ್ಲಿ” ಎಂದಳು. “ಬಾವಿ ಹತ್ರ ನಾನು ಒಣಗಿಲ್ವಾ?”

ನಾಲ್ಕು ತಿಂಗಳು ಪಂಪು ಚೆನ್ನಾಗಿ ನಡೆಯಿತು. ಐದನೆಯ ತಿಂಗಳು ಹಿಡಿಕೆ ಒತ್ತಿದರೆ ಬರೀ ಗಾಳಿ. ಕೆಂಚಪ್ಪನೂ ನಾನೂ ಜೀಪಿನಲ್ಲಿ ಹೋದೆವು. ಊರೆಲ್ಲ ನೆರೆಯಿತು. ಅವನು ಒಂದೊಂದೇ ಸರಳು ಎಳೆದು ಮೇಲೆ ಹಾಕಿದ. ಕೊನೆಯ ಸರಳಿನ ತುದಿಯಲ್ಲಿ ಬಟ್ಟಲಿನ ಆಕಾರದ ಒಂದು ಚಿಕ್ಕ ವಾಷರ್, ಅಂಚು ಹರಿದು ಜೋತು ಬಿದ್ದಿತ್ತು. ನೀರನ್ನು ಮೇಲಕ್ಕೆ ಎತ್ತುವುದೇ ಅದು. ಅದು ತೊಗಲು.

“ಅಯ್ಯೋ, ತೊಗಲು ಕಣ್ರೋ!” ಎಂದಳು ಗೌರಕ್ಕ. “ಕಬ್ಬಿಣ ಅಂದಿದ್ದೆ?”

ತೊಗಲು ಎಂಬುದೇ ತಪ್ಪಲ್ಲ, ಇದನ್ನು ಹೊರಗಿನವರು ತಿಳಿಯಬೇಕು. ಕಪಿಲೆಯ ನೀರು ತೊಗಲಿನಲ್ಲೇ ಬರುತ್ತದೆ, ಅದನ್ನು ಎಲ್ಲರೂ ಕುಡಿಯುತ್ತಾರೆ. ಆದರೆ ಕುಡಿಯುವ ನೀರಿನ ಬಾನಿಗೆ ಎಮ್ಮೆಯದೋ ಕೋಣದ್ದೋ ತೊಗಲಾಗಬೇಕು. ದನದ್ದು ಆಗುವುದಿಲ್ಲ. ಆ ಊರಿನಲ್ಲಿ ಅದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಪೆದ್ದಣ್ಣ ಮುಂದೆ ಬಂದು, “ಯಾವುದ್ರ ತೊಗಲು ಇದು?” ಎಂದ.

“ಎಮ್ಮೇದು” ಎಂದೆ ನಾನು, ತಡಮಾಡದೆ. ಕೆಂಚಪ್ಪನನ್ನು ಕೇಳಲೂ ಇಲ್ಲ.

“ನಿಂಗೆ ಹೆಂಗೆ ಗೊತ್ತು? ಮೊನ್ನೆ ಕಬ್ಬಿಣ ಅಂದಿದ್ದೆ, ಇವತ್ತು ಎಮ್ಮೆ ಅಂತೀಯ. ನಾಳೆ ಆನೆ ಅಂದ್ಬುಟ್ಟೀಯ.” ಜನ ನಕ್ಕರು. ಪೆದ್ದಣ್ಣ ನಗಲಿಲ್ಲ. “ಎರ್ರನ್ನ ಕರೀರಿ. ತೊಗಲು ಬಲ್ಲೋನು ಅವನೊಬ್ಬನೇ.”

ಎರ್ರಪ್ಪ ಬಂದ. ಹಿಂದೆ ಕೇರಿಯ ಹೆಂಗಸರು ಖಾಲಿ ಕೊಡ ಹಿಡಿದು ದೂರದಲ್ಲಿ ನಿಂತರು. ಈರಕ್ಕ ಮುಂದಿದ್ದಳು. ಅವನು ವಾಷರನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದ, ಮೂಗಿಗೆ ಹಿಡಿದ. ಸೊಂಟದಿಂದ ಚೂರಿ ತೆಗೆದು ಸವೆಯದ ಒಂದು ಮೂಲೆಯನ್ನು ಕೆರೆದು, ರೋಮ ಇದ್ದ ಗುಳಿಗಳನ್ನು ಬೆರಳ ತುದಿಯಿಂದ ಸವರಿದ. ಆಮೇಲೆ ಒಂದು ಸಲ ಈರಕ್ಕನ ಕಡೆ ನೋಡಿದ.

ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವನು ಎಮ್ಮೆ ಅಂದರೆ ಕೇರಿಗೆ ನೀರು. ದನ ಅಂದರೆ ಪೆದ್ದಣ್ಣ ಪಂಪು ಕೀಳಿಸುತ್ತಾನೆ, ಹೆಂಗಸರು ಮತ್ತೆ ಬಾವಿಯಿಂದ ಹತ್ತು ಮಾರು ದೂರ. ಅವನು ಏನು ಹೇಳಿದರೂ ಅಲ್ಲ ಎನ್ನುವವರು ಯಾರೂ ಇರಲಿಲ್ಲ. ನಾನು ಅವನನ್ನೇ ನೋಡುತ್ತಿದ್ದೆ. ಎಮ್ಮೆ ಅನ್ನು ಎಂದು ಕಣ್ಣಲ್ಲೇ ಬೇಡಿಕೊಂಡೆ. ನನ್ನ ಸುಳ್ಳೂ ಉಳಿಯುತ್ತಿತ್ತು.

ಎರ್ರಪ್ಪ ಮೂಗು ಉಜ್ಜಿಕೊಂಡು ಹೇಳಿದ, “ಇದು ದನದ್ದು ಕಣಪ್ಪ.”

ಯಾರೂ ಕೂಗಾಡಲಿಲ್ಲ. ಗೌರಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದಕ್ಕೆ ಸರಿದಳು. ನಾಲ್ಕು ತಿಂಗಳು ಕುಡಿದಿದ್ದ ನೀರು ಅದು. ಕೆಂಚಪ್ಪ ನನ್ನ ತೋಳು ಹಿಡಿದು ಏನಾಯಿತು ಎಂದು ಕೇಳಿದ. ಹೇಳಿದೆ. ನೀನು ಏನು ಹೇಳಿದ್ದೆ ಎಂದು ಕೇಳಿದ. ಅದನ್ನೂ ಹೇಳಬೇಕಾಯಿತು. ಅವನ ಮುಖ ಕೂದಲಿಗಿಂತ ಕೆಂಪಾಯಿತು. ಆಮೇಲೆ ಒಂದೊಂದು ವಾಕ್ಯವಾಗಿ ಹೇಳಿದ, ನಾನು ಒಂದೊಂದನ್ನೂ ಕನ್ನಡಕ್ಕೆ ತಂದೆ.

“ಈ ವಾಷರು ಯಾವ ಪ್ರಾಣಿಯ ತೊಗಲು ಅಂತ ನಮಗೆ ಗೊತ್ತಿರಲಿಲ್ಲ. ಕೇಳಬೇಕು ಅಂತ ನಮಗೆ ಹೊಳೆಯಲೂ ಇಲ್ಲ. ನಿಮ್ಮ ಬಾಯಿಗೆ ಹೋಗುವ ನೀರು, ನಾವು ಕೇಳಿ ತಿಳಿದಿರಬೇಕಾಗಿತ್ತು. ನಮ್ಮ ಆಳು ಗೊತ್ತಿಲ್ಲದ ಮಾತನ್ನು ಗೊತ್ತಿರುವ ಹಾಗೆ ಹೇಳಿದ. ಆ ತಪ್ಪೂ ನಮ್ಮದೇ.”

‘ನಮ್ಮ ಆಳು’ ಎಂಬ ವಾಕ್ಯವನ್ನು ನಾನು ತಗ್ಗಿದ ದನಿಯಲ್ಲಿ ದಾಟಿಸಿದೆ. ಪೆದ್ದಣ್ಣ ತೆಲುಗಿನಲ್ಲಿ, “ಮಳ್ಳೀ ಚೆಪ್ಪು” ಎಂದ. ಇನ್ನೊಂದು ಸಲ ಹೇಳಿಸಿದ. ಹೇಳಿದೆ, ಈ ಸಲ ಗಟ್ಟಿಯಾಗಿ.

ಪೆದ್ದಣ್ಣ ಪಂಪಿನ ಹಿಡಿಕೆ ಬಿಚ್ಚಿಸಿ ತನ್ನ ಮನೆಗೆ ತೆಗೆದುಕೊಂಡು ಹೋದ. ಪಂಪು ಕೀಳುವ ಮಾತನ್ನು ಅವತ್ತು ಆಡಲಿಲ್ಲ. ಒಪ್ಪಿದೆ ಎಂದೂ ಹೇಳಲಿಲ್ಲ.

ಮರುವಾರ ನಾನು ಒಬ್ಬನೇ ಹೋದೆ. ಎರ್ರಪ್ಪ ಗುಡಿಸಲ ಮುಂದೆ ಕೂತಿದ್ದ. ಈರಕ್ಕ ಒಳಗಿನಿಂದಲೇ ಬೈಯುತ್ತಿದ್ದಳು. “ನಿಜ ಹೇಳ್ದ ಮಾರಾಯ! ನಿಜ ಕುಡುದ್ರೆ ಬಾಯಾರ್ಕೆ ಹೋಯ್ತದಾ? ಇವತ್ತು ಹೊತ್ತು ಏರೋಗಂಟ ಕೂತಿದ್ದೆ, ಅರ್ಧ ಕೊಡ.”

“ಸುಳ್ಳು ಹೇಳ್ಬೋದಿತ್ತು” ಎಂದೆ ನಾನು ಮೆಲ್ಲಗೆ.

“ನೀನು ಹೇಳ್ದೆಯಲ್ಲ ಸೀರಾಮಣ್ಣ, ಏನ್ ಬಂತು?” ಎಂದ. ನಗಾಡುತ್ತಲೇ ಹೇಳಿದ. “ನನ್ನ ಕೈ ತೊಗಲು ಮುಟ್ಟಿದ್ರೆ ಅದು ಏನು ಅಂತ ಹೇಳ್ತದೆ. ನಾನು ಬ್ಯಾರೆ ಹೇಳಿದ್ರೆ, ನಾಳೆ ನಾನು ಹೊಲ್ದ ಬಾನೀನ ಯಾರು ನಂಬ್ತಾರೆ? ಅವರು ಬಿಡು, ನಾನು ನಂಬ್ತೀನಾ?” ಆಮೇಲೆ ಕೇಳಿದ, “ಆ ವಾಸರು ಇನ್ನೊಂದು ಐತಾ? ಹೊಸದು? ಅಳತೆಗೆ ಬೇಕು.”

ಆ ತಿಂಗಳು ಗೌರಕ್ಕನ ಮುದಿ ಎಮ್ಮೆ ಸತ್ತಿತು. ಸತ್ತ ದನಕರು ಎಳೆದೊಯ್ಯುವುದು ಕೇರಿಯ ಪಾಲಿನ ಕೆಲಸ. ಎರ್ರಪ್ಪ ತೊಗಲು ಬಿಡಿಸಿದ. ಯಾವಾಗಲೂ ಕೇರಿಯ ಹಿಂದೆ ಹೂಳುತ್ತಿದ್ದ, ತೊಗಲು ನೆನೆಹಾಕುವ ಸುಣ್ಣದ ಹರವಿಯನ್ನು ಈ ಸಲ ಹುಣಸೆಮರದ ಕೆಳಗೆ, ಪಂಪಿನ ಪಕ್ಕದಲ್ಲೇ ಹೂಳಿದ. ಊರಿನವರು ಹೊಲಕ್ಕೆ ಹೋಗುವ ದಾರಿ ಅದು. ನಾತ ಬರುತ್ತದೆ ಎಂದು ಬೈದರು. “ಬರ್ಲಿ ಕಣಪ್ಪ, ನೋಡ್ಕಂಡು ಬೈಯ್ರಿ” ಎಂದ. ಹೋಗುವಾಗ ಬರುವಾಗ ಎಲ್ಲರೂ ನೋಡಿದರು. ಗೌರಕ್ಕನ ಎಮ್ಮೆಯ ಬಲಗಿವಿಯ ಹಿಂದೆ ಒಂದು ಬಿಳಿ ಮಚ್ಚೆ ಇತ್ತು. ಯಾರ ಎಮ್ಮೆ ಎಂದು ಗುರುತು ಸಿಗಲೆಂದು ಆ ಮಚ್ಚೆಯ ಭಾಗವನ್ನು ಅವನು ಕೊನೆಯವರೆಗೂ ಕತ್ತರಿಸಲಿಲ್ಲ.

ಸುಣ್ಣ, ತಂಗಡಿ ತೊಗಟೆ, ಹರಳೆಣ್ಣೆ ಎಲ್ಲ ಆಗಿ ತೊಗಲು ಹದಕ್ಕೆ ಬರಲು ನಲವತ್ತು ದಿನ ಹಿಡಿಯಿತು. ಹುಣಸೆಯ ಕೊರಡಿನಲ್ಲಿ ಒಂದು ಅಚ್ಚು ಕೆತ್ತಿದ. ನೆನೆಸಿದ ತೊಗಲಿನ ಬಿಲ್ಲೆಯನ್ನು ಅದರ ಮೇಲೆ ಎಳೆದು ಕಟ್ಟಿ ನೆರಳಲ್ಲಿ ಒಣಗಿಸಿದರೆ ಬಟ್ಟಲಾಗುತ್ತಿತ್ತು. ಮೊದಲಿನ ಮೂರು ಬಿರಿದವು. ನಾಲ್ಕನೆಯದನ್ನು ಹಿಡಿದು ಪೆದ್ದಣ್ಣನ ಜಗಲಿಯ ಕೆಳಗೆ ನಿಂತ. ಅವತ್ತು ಕೆಂಚಪ್ಪನೂ ನಾನೂ ಇದ್ದೆವು.

“ಯಾವುದ್ಲಾ ಇದು?” ಎಂದ ಪೆದ್ದಣ್ಣ.

“ಗೌರಕ್ಕನ ಎಮ್ಮೆ ಕಣಪ್ಪ. ನೀನೇ ದಿನಾ ಮೂಗು ಮುಚ್ಕಂಡು ನೋಡಿದ್ದೀಯ.”

ಗೌರಕ್ಕ ವಾಷರನ್ನು ಮುಟ್ಟಲಿಲ್ಲ, ಬಗ್ಗಿ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು. “ಹಾಲು ಕೊಡುವಾಗ ಒದೀತಿತ್ತು ಮುಂಡೇದು” ಎಂದಳು.

ಯಾರೋ ಹಿಂದಿನಿಂದ, ಇವನ ಮಾತು ನಂಬುವುದು ಹೇಗೆ, ಇವನಿಗೂ ನೀರು ಬೇಕಲ್ಲ ಎಂದರು. ಪೆದ್ದಣ್ಣ ತಿರುಗಿ, “ತನ್ನ ಹೆಂಡ್ತಿ ಕೊಡಕ್ಕೇ ಕಲ್ಲು ಬೀಳ್ತದೆ ಅಂತ ಗೊತ್ತಿದ್ದೂ ದನದ್ದು ಅಂದೋನು ಇವನು. ಈಗ ಎಮ್ಮೇದು ಅಂದ್ರೆ ಎಮ್ಮೇದೇ” ಎಂದು ಒಳಗೆ ಹೋಗಿ ಹಿಡಿಕೆ ತಂದುಕೊಟ್ಟ.

ಆಮೇಲೆ ಎಲ್ಲ ಒಂದಾಯಿತು ಎಂದು ನಾನು ಬರೆದರೆ ಅದು ನನ್ನ ಮೂರನೆಯ ಸುಳ್ಳಾದೀತು. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಹಾಗೇ ಉಳಿದವು. ಊರಿನ ಹೆಂಗಸರು ಬೆಳಗ್ಗೆ ಬಂದವರೇ ಹಿಡಿಕೆಯನ್ನು ಹುಣಸೆಹಣ್ಣು ಹಚ್ಚಿ ತೊಳೆಯುವುದೂ ಉಳಿಯಿತು. ಆದರೆ ಈರಕ್ಕ ಮತ್ತೆ ಯಾರ ಕೈ ಕಾಯಲಿಲ್ಲ.

ಕೆಂಚಪ್ಪ ತನ್ನ ದೇಶಕ್ಕೆ ದೊಡ್ಡ ಕಾಗದ ಬರೆದ. ಟೈಪ್ ಮಾಡಿದ್ದು ನಾನು. ನಡೆದದ್ದನ್ನು ನಡೆದ ಹಾಗೇ ಬರೆಸಿದ, ನನ್ನ ಹೆಸರು ಮಾತ್ರ ಬಿಟ್ಟ. ಮೂರು ತಿಂಗಳಿಗೆ ಒಪ್ಪಿಗೆ ಬಂತು. ನಮ್ಮ ಪಂಪುಗಳಿಗೆಲ್ಲ ಎರ್ರಪ್ಪನೇ ವಾಷರು ಮಾಡುವುದು, ಅವನೇ ಹಾಕುವುದು. ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ಮೂವತ್ತೊಂದು ಊರು. ಗೋಣಿಚೀಲದಲ್ಲಿ ಸ್ಪಾನರು, ಹಗ್ಗ, ಹರಳೆಣ್ಣೆಯ ಡಬ್ಬಿ ಹಾಕಿಕೊಂಡು ಬಸ್ಸಿನ ಮೇಲೆ ಕಡಲೆಕಾಯಿ ಮೂಟೆಗಳ ನಡುವೆ ಕೂತು ಹೋಗುತ್ತಿದ್ದ. ಎಷ್ಟೋ ಸಲ ನಾನೂ ಜೊತೆಗೆ ಹೋಗಿದ್ದೇನೆ. ನಾನು ಒಳಗೆ ಸೀಟಿನಲ್ಲಿ.

ಪ್ರತಿ ಊರಿನಲ್ಲೂ ಅವನದೊಂದು ಪದ್ಧತಿ. ವಾಷರು ಹಾಕುವ ಮುಂಚೆ ನೆರೆದವರ ಮುಂದೆ ಎತ್ತಿ ಹಿಡಿಯುತ್ತಿದ್ದ. “ಇದು ಸೋಮಂದೇಪಲ್ಲಿ ನರಸಕ್ಕನ ಎಮ್ಮೆ. ಗೊಡ್ಡಾಗಿತ್ತು. ಉಗಾದಿ ಆದ್ಮೇಲೆ ಸತ್ತೋಯ್ತು. ಅನುಮಾನ ಇದ್ರೆ ಹೋಗಿ ಕೇಳ್ರಿ, ನರಸಕ್ಕ ಇನ್ನೂ ಅಳ್ತಾವ್ಳೆ.” ಮುಟ್ಟುವವರು ಮುಟ್ಟಬಹುದು, ಮೂಸುವವರು ಮೂಸಬಹುದು. ರೋಮದ ಗುಳಿ ದೊಡ್ಡದಾಗಿ ದೂರದೂರ ಇದ್ದರೆ ಎಮ್ಮೆ, ಸಣ್ಣಗೆ ಒತ್ತೊತ್ತಾಗಿದ್ದರೆ ದನ ಎಂದು ಹೆಂಗಸರಿಗೆಲ್ಲ ಕಲಿಸಿದ. ನಾನು ಒಮ್ಮೆ, “ಎಲ್ಲರಿಗೂ ಕಲಿಸಿಬಿಟ್ಟರೆ ನಿನ್ನನ್ನು ಯಾರು ಕೇಳುತ್ತಾರೆ?” ಎಂದೆ. “ಕೇಳ್ದೆ ಇದ್ರೆ ಮನೇಲಿ ಮಲಗ್ತೀನಿ ಕಣಣ್ಣ” ಎಂದ.

ಹೊಸ ಊರಿಗೆ ಹೋದಾಗ ಜನ ಸಂಘ ಯಾವ ದೇಶದ್ದು ಎಂದು ಕೇಳುವುದನ್ನು ಬಿಟ್ಟರು. ‘ಎರ್ರಪ್ಪ ಬತ್ತಾನಾ?’ ಎಂದು ಕೇಳುತ್ತಿದ್ದರು.

ಆಫೀಸಿಗೆ ಬಂದರೆ ಅವನು ಹೊಸ್ತಿಲಾಚೆ ಕೂರುತ್ತಿದ್ದ. ಕೆಂಚಪ್ಪ ಇದ್ದಾಗ ಕೈ ಹಿಡಿದು ಕುರ್ಚಿಯ ಮೇಲೆ ಕೂರಿಸುತ್ತಿದ್ದ. 1966ರಲ್ಲಿ ಕೆಂಚಪ್ಪ ತನ್ನ ದೇಶಕ್ಕೆ ಮರಳಿದ. ಆಮೇಲಿನ ಎರಡು ವರ್ಷ ಎರ್ರಪ್ಪ ಮತ್ತೆ ಹೊಸ್ತಿಲಾಚೆಯೇ. ಒಳಗೆ ಬಾ ಎಂದು ನಾನು ಹೇಳುತ್ತಿದ್ದೆ. ಕೈ ಹಿಡಿಯುತ್ತಿರಲಿಲ್ಲ. ಈಗ ಆ ಕುರ್ಚಿ ನನ್ನ ಎದುರಿಗೇ ಇದೆ.

ಈ ವರ್ಷ ಮಾಘದಲ್ಲಿ ಕಲ್ಯಾಣದುರ್ಗದ ಕಡೆ ತುಕ್ಕು ಹಿಡಿದ ಸರಳು ಎಳೆಯುವಾಗ ಅವನ ಅಂಗೈ ಸೀಳಿತು. ಹರಳೆಣ್ಣೆ ಹಚ್ಚಿ ಬಟ್ಟೆ ಕಟ್ಟಿಕೊಂಡು ಇನ್ನೂ ಎರಡು ಊರಿನ ಕೆಲಸ ಮುಗಿಸಿ ಬಂದ. ಹತ್ತನೆಯ ದಿನ ದವಡೆ ಹಿಡಿಯಿತು. ಧನುರ್ವಾಯು. ಗಾಡಿ ಕಟ್ಟಿ ಹಿಂದೂಪುರಕ್ಕೆ ಹೊರಟರು. ಪೆದ್ದಣ್ಣ ತನ್ನ ಎತ್ತುಗಳನ್ನೇ ಕೊಟ್ಟಿದ್ದ. ಎರ್ರಪ್ಪ ದಾರಿಯಲ್ಲೇ ಹೋಗಿಬಿಟ್ಟ. ನನಗೆ ಸುದ್ದಿ ಬಂದದ್ದು ಮಣ್ಣಾದ ಮೇಲೆ.

ಎರಡು ತಿಂಗಳು ಕಳೆದು ಕಲ್ಯಾಣದುರ್ಗದ ಹತ್ತಿರದ ಒಂದು ಹಳ್ಳಿಯಿಂದ ಪಂಪು ಕೆಟ್ಟಿದೆ ಎಂದು ಕಾಗದ ಬಂತು. ಎರ್ರಪ್ಪ ಮಾಡಿಟ್ಟಿದ್ದ ವಾಷರುಗಳು ಮುಗಿದಿದ್ದವು. ಆಫೀಸಿನಲ್ಲಿ ಕಾರ್ಖಾನೆಯ ವಾಷರುಗಳ ಪೊಟ್ಟಣಗಳಿದ್ದವು, ಕೆಂಚಪ್ಪನ ಜಾಗಕ್ಕೆ ಬಂದ ಹೊಸ ದೊರೆ ತರಿಸಿದ್ದು. ಒಂದನ್ನು ಜೇಬಿಗೆ ಹಾಕಿಕೊಂಡು ಸಂಘದ ಮೆಕ್ಯಾನಿಕ್ಕನ ಜೊತೆ ಹೋದೆ.

ಸರಳು ಮೇಲೆ ಬಂದವು. ಕರಿಬಸಮ್ಮ ಎಂಬ ಹೆಂಗಸು ಪಂಪಿನ ಕಟ್ಟೆಯ ಮೇಲೆ ಕೂತಿದ್ದಳು. ಅವಳು ಕೈ ಚಾಚಿದಳು, ಎಂದಿನಂತೆ. “ಯಾರ ಎಮ್ಮೆ?”

ಪೊಟ್ಟಣ ನನ್ನ ಕೈಯಲ್ಲಿತ್ತು. ಹುಣಸೆಕುಂಟೆ ಎನ್ನಬಹುದಿತ್ತು, ನರಸಕ್ಕ ಎನ್ನಬಹುದಿತ್ತು. ಅಲ್ಲ ಎನ್ನುವವನು ಮಣ್ಣಿನಲ್ಲಿದ್ದ. ಕೊಡಗಳು ಸಾಲಾಗಿದ್ದವು. ಬೇಸಗೆ.

“ಗೊತ್ತಿಲ್ಲಮ್ಮ” ಎಂದೆ.

“ಎರ್ರಪ್ಪ ಎಲ್ಲಿ?”

ಹೇಳಿದೆ. “ಅವತ್ತು ಅವನ ಕೈಗೆ ಬಟ್ಟೆ ಕಟ್ಟಿದ್ದು ನಾನೇ” ಎಂದಳು. “ನಂದೇ ಸೀರೆ ತುಂಡು.” ಆಮೇಲೆ ಕಣ್ಣೊರೆಸಿಕೊಂಡು, “ಗೊತ್ತಾದ್ಮೇಲೆ ಬಾ ಹೋಗಪ್ಪ. ಅಲ್ಲಿಗಂಟ ಕಪಿಲೆ ನೀರೇ ತರ್ತೀವಿ” ಎಂದಳು. ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ಅಲ್ಲಿಂದ ನೇರ ಹುಣಸೆಕುಂಟೆಗೆ ಹೋದೆ. ಈರಕ್ಕ ಅಂಗಳದಲ್ಲಿ ಕೂತು ತೊಗಲಿನ ರೋಮ ಕೆರೆಯುತ್ತಿದ್ದಳು. ಅವನಿದ್ದಾಗಲೂ ಆ ಕೆಲಸ ಅವಳದೇ. ನಾನು ಅದನ್ನು ನೂರು ಸಲ ನೋಡಿದ್ದೆ, ಒಂದು ಸಲವೂ ಬರೆದು ಕಳಿಸಿರಲಿಲ್ಲ. ವಿಷಯ ಹೇಳಿದೆ.

“ಸುಳ್ಳು ಹೇಳ್ಲಿಲ್ವಾ?” ಎಂದು ಕೇಳಿದಳು.

“ಇಲ್ಲ.”

“ಅಲ್ಲಿ ಹೆಂಗಸ್ರು ಬೈಕಂಡಿರ್ತಾರೆ” ಎಂದು ಒಳಗೆ ಹೋಗಿ ಹುಣಸೆಯ ಅಚ್ಚು ತಂದಳು. ಅದರ ಅಂಚಿನಲ್ಲಿ ಅವನ ಹೆಬ್ಬೆಟ್ಟು ಒತ್ತಿ ಒತ್ತಿ ತಗ್ಗಾಗಿತ್ತು. ಅವಳ ಬೆರಳು ಅಲ್ಲಿಗೆ ಸರಿಯಾಗಿ ಕೂರಲಿಲ್ಲ. ಸ್ವಲ್ಪ ಪಕ್ಕಕ್ಕೆ ಹಿಡಿದಳು. “ಹದಿನೈದು ದಿನ ಆಯ್ತದೆ. ಆಮೇಲೆ ಬಾ, ನಾನೂ ಬತ್ತೀನಿ.” ಕುಡಿಯಲು ನೀರು ಕೇಳಿದೆ. ಚೊಂಬಿನಲ್ಲಿ ಪಂಪಿನ ನೀರು ತಂದು ಕೊಟ್ಟಳು, ನಾನು ಕುಡಿದು ಮುಗಿಸುವವರೆಗೂ ನೋಡುತ್ತಿದ್ದಳು.

ಹದಿನೇಳನೆಯ ದಿನ ಕಲ್ಯಾಣದುರ್ಗದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಈರಕ್ಕ ಕೂತಿದ್ದಳು, ತೊಡೆಯ ಮೇಲೆ ಗೋಣಿಚೀಲ. ಕಂಡಕ್ಟರು ಒಮ್ಮೆ ನನ್ನನ್ನು ನೋಡಿದ. ನಾನು ಎರಡು ಟಿಕೆಟು ಎಂದೆ.

ಕರಿಬಸಮ್ಮ ಕೈ ಚಾಚಿದಳು.

“ನಮ್ಮೂರ ಪೆದ್ದಣ್ಣನ ಕೋಣ” ಎಂದಳು ಈರಕ್ಕ. “ಕಾಲು ಮುರ್ಕಂಡು ಸತ್ತಿದ್ದು. ತೊಗಲು ಬಿಡ್ಸಿದ್ದು ನನ್ನ ಗಂಡ, ಹೋಗೋಕೆ ಮುಂಚೆ. ಬಟ್ಲು ಮಾಡಿದ್ದು ನಾನು.”

ಕರಿಬಸಮ್ಮ ವಾಷರನ್ನು ಬಿಸಿಲಿಗೆ ಹಿಡಿದು, ರೋಮದ ಗುಳಿಗಳ ಮೇಲೆ ಬೆರಳಾಡಿಸಿದಳು. ಮೂಗಿಗೆ ಹಿಡಿದಳು. ಪಕ್ಕದವಳಿಗೆ ಕೊಟ್ಟಳು. ಅದು ಕೈಯಿಂದ ಕೈಗೆ ಸುತ್ತು ಹೋಗಿ ಈರಕ್ಕನ ಕೈಗೆ ವಾಪಸು ಬಂತು. ಅವಳು ಅದಕ್ಕೆ ಹರಳೆಣ್ಣೆ ಸವರಿ ಸರಳಿಗೆ ಸಿಕ್ಕಿಸಿದಳು. ಹಿಡಿಕೆ ಒತ್ತಲು ಕರಿಬಸಮ್ಮನೇ ಎದ್ದಳು. ಮೊದಲು ಗಾಳಿ, ಆಮೇಲೆ ಕೆಸರು, ಆಮೇಲೆ ನೀರು.